ಯಾರೂ ಸಾಯದ ಮನೆಗೆ ಬಂದ ಬುತ್ತಿ

ಭಾಗ್ಯನಗರ, ಕೊಪ್ಪಳ
ತಾ. ೧೭-೧೧-೧೯೮೩

ಚಿ. ಸೌ. ಕಳಕಮ್ಮನಿಗೆ ನಿನ್ನ ಅವ್ವನ ಅನೇಕ ಆಶೀರ್ವಾದಗಳು.

ದೀಪಾವಳಿಗೆ ಮುಟ್ಟಬೇಕಾಗಿದ್ದ ಕಾಗದವಿದು. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಇತ್ತ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯುವುದು ನಮ್ಮ ರೂಢಿ. ಹಿಂದಿನ ಮೂರು ಕಾಗದಗಳಲ್ಲಿ ಹಾಗೇ ಬರೆದಿದ್ದೆ. ಅದು ಸುಳ್ಳು. ಮೂರಕ್ಕೂ ನಿನ್ನ ಉತ್ತರ ಬರಲಿಲ್ಲ. ಸುಳ್ಳಿಗೆ ಯಾರು ಉತ್ತರ ಬರೆಯುತ್ತಾರೆ? ನೀನು ತವರಿನ ಹೊಸ್ತಿಲು ತುಳಿದು ಹದಿನಾಲ್ಕು ತಿಂಗಳಾಯಿತು. ಒಂದು ಸಲ ಬಾ ಎಂದು ಕೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂಚೆಗೆ ಹಾಕುತ್ತಿಲ್ಲ. ಬಳೆಗಾರ ಮುರ್ತುಜಾಸಾಬ ಈ ವಾರ ನಿಮ್ಮ ಕುಷ್ಟಗಿಗೆ ಬರುತ್ತಾನೆ. ಬಳೆ ಇಡುವಾಗ ನಿನ್ನ ಕೈಗೇ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾನೆ.

ಬೇಸಿಗೆಯಿಂದ ನನಗೆ ಮೈಯಲ್ಲಿ ಹುಷಾರಿರಲಿಲ್ಲ ಎಂದು ಬರೆದರೆ ಅದೂ ಸುಳ್ಳೇ ಆದೀತು. ಮೈ ಗಟ್ಟಿಯಾಗಿಯೇ ಇತ್ತು, ಮನಸ್ಸು ಏಳಲಿಲ್ಲ. ಬೆಳಗಾಯಿತೆಂದರೆ ಹೆದರಿಕೆ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದೆ. ತಲೆ ಬಾಚಿಕೊಳ್ಳಲು ಕೈ ಎತ್ತುವುದೂ ಆಗುತ್ತಿರಲಿಲ್ಲ. ನನ್ನ ಬಾಯಿ ನಿನಗೆ ಗೊತ್ತು, ಓಣಿಯ ನಲ್ಲಿಯ ಹತ್ತಿರ ನನ್ನೆದುರು ಗೆದ್ದವರಿಲ್ಲ. ಅಂಥವಳಿಗೆ ಮಾತೇ ಬೇಡವಾಗಿತ್ತು. ನಿಮ್ಮಪ್ಪ ಒಲೆ ಹೊತ್ತಿಸಲು ಹೋಗಿ ಹೊಗೆಗೆ ಕಣ್ಣೀರು ಸುರಿಸಿ, ಕಡೆಗೆ ಹೋಟೆಲಿನ ಮಿರ್ಚಿ ಮಂಡಕ್ಕಿ ತಿಂದು ಅಂಗಡಿಗೆ ಹೋಗುತ್ತಿದ್ದರು. "ನಿನಗ ಏನ್ ಕಡಿಮಿ ಆಗೈತಿ, ಅದನ್ನರ ಹೇಳು" ಎಂದು ದಿನಾ ಕೇಳುತ್ತಿದ್ದರು. ನಾನೂ ಹುಡುಕಿದೆ, ಕಳಕವ್ವಾ. ಏನೂ ಕಡಿಮೆ ಇರಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಗುತ್ತಿತ್ತು.

ಗಾಳಿ ಬಡಿದಿದೆ ಎಂದು ತಾಯತ ಕಟ್ಟಿಸಿದರು. ಹುಲಿಹೈದರದ ಕಡೆಯಿಂದ ದೆವ್ವ ಬಿಡಿಸುವ ಒಬ್ಬನನ್ನು ಕರೆಸಿದರು. ಆ ಪುಣ್ಯಾತ್ಮ ಬೇವಿನ ಸೊಪ್ಪಿನಿಂದ ಬಡಿಯುತ್ತ, "ಯಾರ್ ನೀನು? ಎಲ್ಲಿಂದ ಬಂದಿ? ಖರೇ ಹೇಳು!" ಎಂದು ಗದರಿದ. "ನಾ ಗುರುಲಿಂಗಮ್ಮ. ಯಲಬುರ್ಗಾದಾಕಿ. ಲಗ್ನ ಆಗಿ ಬಂದೀನಿ" ಎಂದೆ. ಅವನಿಗೆ ಸಿಟ್ಟು ಬಂತು. ಆ ಹೊತ್ತಿನಲ್ಲೂ ನನಗೆ ಸ್ವಲ್ಪ ನಗು ಬಂದಿತ್ತು, ಹೊರಗೆ ಬರಲಿಲ್ಲ ಅಷ್ಟೇ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಪಕ್ಕದ ಮಗ್ಗದ ಮನೆಯ ಪಾರಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಬಿಳಿ ಬಟ್ಟೆ. ಒಲೆ ಹೊತ್ತಿಸದ ಸಾವಿನ ಮನೆಗೆ ಬುತ್ತಿ ಒಯ್ಯುತ್ತೇವಲ್ಲ, ಥೇಟ್ ಹಾಗೆ. ಓಣಿಯ ಹೆಂಗಸರು ಗಾಬರಿಯಾಗಿ ಬಾಗಿಲಿಗೆ ಬಂದರು. ಒಬ್ಬಳಂತೂ ಸೆರಗು ಬಾಯಿಗಿಟ್ಟು ಅಳಲು ತಯಾರಾಗಿಯೇ ಬಂದಿದ್ದಳು.

"ಯಾರ್ ತೀರಿಕೊಂಡ್ರವ್ವಾ?"

"ಯಾರೂ ಇಲ್ಲ" ಎಂದಳು ಪಾರಮ್ಮ. "ಸತ್ತ ಮ್ಯಾಲ ಬುತ್ತಿ ತರೂದು ಎಲ್ಲಾರಿಗೂ ಗೊತ್ತೈತಿ. ಮೊದಲ ತಂದ್ರ ತಪ್ಪೇನು? ಈ ಮನ್ಯಾಗ ಒಲಿ ಹೊತ್ತದ ಹದಿನೈದು ದಿನ ಆತು, ಯಾರರ ನೋಡೀರೇನು?"

ನಿಮ್ಮಪ್ಪನಿಗೆ ಮೈಯೆಲ್ಲ ಉರಿಯಿತು. "ನಾ ಜೀವಂತ ಇದ್ದೀನಿ, ನನ್ನ ಮನಿಗೆ ಸಾವಿನ ಬುತ್ತಿ ತಂದಾಳ!" ಎಂದು ಕೂಗಾಡಿದರು. ಕೂಗಾಡಿ ಹಸಿವಾಗಿ ಮೂರು ರೊಟ್ಟಿ ತಿಂದರು.

ಪಾರಮ್ಮ ನನ್ನ ಬಾಯಿಗೆ ಮೊದಲ ತುತ್ತು ತಾನೇ ಇಟ್ಟಳು. ಏನಾಗಿದೆ, ಯಾಕೆ ಹೀಗೆ, ಒಂದನ್ನೂ ಕೇಳಲಿಲ್ಲ. ಸಾವಿನ ಮನೆಯಲ್ಲಿ ಯಾಕೆ ಅಳುತ್ತೀ ಎಂದು ಯಾರಾದರೂ ಕೇಳುತ್ತಾರೆಯೇ? ತನ್ನ ಮಗ್ಗದ ನೂಲು ಹರಿದ ಸುದ್ದಿ ಹೇಳುತ್ತ ಸಂಜೆಯವರೆಗೆ ಕುಳಿತಳು. ಮರುದಿನ ಇನ್ನೊಂದು ಮನೆಯವರು ಬಂದರು. ಅದರ ಮರುದಿನ ಮುರ್ತುಜಾಸಾಬನ ಹೆಂಡತಿ ಶಾಹಜಾದಬಿ ಬಂದಳು. "ನಮ್ಮನಿ ಅಡಗಿ ನೀವು ಉಣ್ಣಂಗಿಲ್ರಿ ಅಕ್ಕಾರ, ಬಾಳಿಹಣ್ಣಿಗೆ ಏನ್ ಜಾತಿ?" ಎಂದು ನಗುತ್ತ ಹಣ್ಣು ಇಟ್ಟು, ನನ್ನ ತಲೆಗೆ ಎಣ್ಣೆ ಹಚ್ಚಿ, ಒಂದೊಂದೇ ಸಿಕ್ಕು ಬಿಡಿಸಿ ಹೆರಳು ಹಾಕಿದಳು. ಆ ದಿನ ನಾನು ಬಹಳ ಅತ್ತೆ.

ಮುಂದೆ ಪಾರಮ್ಮನೇ ನನ್ನನ್ನು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಧಾರವಾಡದ ಹುಚ್ಚರ ಆಸ್ಪತ್ರೆಗೆ ಕಳಿಸುತ್ತಾರೆಂದು ನಾನು ಹೆದರಿದ್ದೆ. ಡಾಕ್ಟರು, "ಇದು ಹುಚ್ಚಲ್ರಿ, ಜಡ್ಡು. ಗುಳಿಗಿ ತಗೋರಿ, ಒಬ್ಬರ ಇರಬ್ಯಾಡ್ರಿ. ಕಾರಣ ಇಲ್ದನೂ ಬರತೈತಿ ಇದು" ಎಂದರು. ಕಾರಣ ಇಲ್ಲದೆಯೂ ಬರುತ್ತದೆ. ಆ ಮಾತನ್ನು ಮನೆಗೆ ಬರುವವರೆಗೂ ನನ್ನಷ್ಟಕ್ಕೆ ಹೇಳಿಕೊಳ್ಳುತ್ತ ಬಂದೆ. ಮನೆಯೊಳಗೆ ಕಾಲಿಟ್ಟಾಗ ನಿನ್ನ ಹೆಸರು ಹಿಡಿದು ಕೂಗಿಬಿಟ್ಟೆ. ಪಾರಮ್ಮ ಹೆಗಲ ಮೇಲೆ ಕೈ ಇಟ್ಟಳು.

ಈಗ ವಾರದಲ್ಲಿ ನಾಲ್ಕು ದಿನ ನಾನೇ ರೊಟ್ಟಿ ಬಡಿಯುತ್ತೇನೆ. ಉಳಿದ ಮೂರು ದಿನದ ಸುದ್ದಿ ಬೇಡ. ಆ ದಿನಗಳಲ್ಲಿ ಯಾರಾದರೂ ಬಂದು ಕೂರುತ್ತಾರೆ. ನಿಮ್ಮಪ್ಪನೂ ಚಹಾ ಮಾಡುವುದನ್ನು ಕಲಿತಿದ್ದಾರೆ. ಅದನ್ನು ಕುಡಿಯುವುದೇ ಒಂದು ಶಿಕ್ಷೆ, ಆದರೂ ಪೂರ್ತಿ ಕುಡಿಯುತ್ತೇನೆ.

ಅಳಿಯ ಕರಿಬಸಪ್ಪನವರಿಗೂ ನಿನ್ನ ಅತ್ತೆಗೂ ನಮ್ಮ ಶರಣಾರ್ಥಿ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ವರ್ಷ ಬಾಳು ಎಂದು ಹರಸುವ ಧೈರ್ಯ ನನಗಿಲ್ಲ, ಮಗಳೇ. ನಾಳೆಯ ಒಂದು ದಿನ ನಿನಗೆ ಹಗುರಾಗಿರಲಿ. ನಾಡಿದ್ದಿನದನ್ನು ನಾಳೆ ಬೇಡಿಕೊಳ್ಳುತ್ತೇನೆ.

ನಿನ್ನ ಅವ್ವ,
ಗುರುಲಿಂಗಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ನಿನ್ನನ್ನು ಬಾ ಎನ್ನುವ ಅಧಿಕಾರ ನನಗಿಲ್ಲ.

ಹೋದ ವರ್ಷ ಆ ಸೋಮವಾರ ನೀನು ಮೊದಲ ಬಸ್ಸಿಗೆ ಬರಿಗೈಯಲ್ಲಿ ಬಂದೆ. "ಅವ್ವಾ, ಯಾರೂ ಏನೂ ಅಂದಿಲ್ಲ. ಎಲ್ಲಾ ಛಲೋ ಐತಿ. ಆದ್ರ ನನಗ ಬದುಕೂದ ಬ್ಯಾಡಾಗೈತಿ. ನಾಕ ದಿನ ನಿನ್ನ ಮಗ್ಗಲದಾಗ ಮಲಕ್ಕೋತೀನಿ" ಎಂದೆ. ನಾನು ಕೇಳಿದ್ದು ನೆನಪಿದೆಯಲ್ಲ? "ಏನ್ ಕಡಿಮಿ ಆಗೈತಿ ನಿನಗ?" ಎಂದೆ. ಮರುದಿನ ಮಂಗಳವಾರ, ಹೆಣ್ಣುಮಗಳನ್ನು ತವರಿನಿಂದ ಕಳಿಸಬಾರದ ದಿನ. ಸೋಮವಾರ ರಾತ್ರಿ ಉಳಿಸಿಕೊಂಡರೆ ಬುಧವಾರದವರೆಗೆ ಇಟ್ಟುಕೊಳ್ಳಬೇಕು. ಗಂಡನ ಮನೆಗೆ ಹೇಳದೆ ಬಂದವಳು, ಓಣಿಯವರು ಏನೆಂದಾರು ಎಂದು ಅವಸರ ಮಾಡಿದೆ. ಶಾಸ್ತ್ರ ತಪ್ಪಬಾರದೆಂದು ಉಡಿ ತುಂಬಿ, ಮಧ್ಯಾಹ್ನದ ಬಸ್ಸು ಹತ್ತಿಸಿದೆ. ನೀನು ಅಳಲೂ ಇಲ್ಲ.

ಮಂಗಳವಾರ ಬೆಳಗ್ಗೆ ನಿನ್ನನ್ನು ಬಾವಿಯಿಂದ ಎತ್ತಿದರು.

ಸುದ್ದಿ ತಿಳಿದು ಓಡಿ ಬಂದೆ. ನಿನ್ನ ಅತ್ತೆ ಬಂದವರಿಗೆ ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದರು. ನೀರಿಗೆ ಹೋದಾಗ ಕಾಲು ಜಾರಿತು ಎಂದು ಮೊದಲು ಹೇಳಿದವಳು ನಾನು. ಆದರೆ ನಿನ್ನ ಕೊಡ ಅಡುಗೆಮನೆಯಲ್ಲೇ ಬೋರಲಾಗಿತ್ತು. ಯಾರೂ ನೋಡುವ ಮೊದಲು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಬಾವಿಯ ಕಟ್ಟೆಯ ಮೇಲೆ ಇಟ್ಟು ಬಂದೆ. ಉಸಿರು ಮರಳಿ ಚಾಪೆಯ ಮೇಲೆ ಮಲಗಿದ್ದ ನೀನು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದೆ.