ನರಸಪ್ಪನ ಕೋವಿಯ ಕೊಂಬು

ಆಗಸ್ಟ್ 3, ಭಾನುವಾರ. ಬೆಳಿಗ್ಗೆ 6.10

ಹಾಲು ತಂದೆ. ಸ್ನಾನ. ದೇವರ ಮುಂದೆ ನಿಂತೆ. ಅಮ್ಮ ಮಂಟಪದೊಳಗೆ ಕೈಹಾಕಿ ಹಲಗೆಗೆ ನೆಟ್ಟ ತಿಮ್ಮಪ್ಪನ ನಾಮಕ್ಕೆ ಅರಿಶಿನ ಮೆತ್ತುತ್ತಿದ್ದಳು. ತಾನಾಗಿ ಒಲಿದು ಬಂದ ನಾಮವಂತೆ. ಬೇರೆ ಯಾರೂ ಮುಟ್ಟುವಂತಿಲ್ಲ. ಹೆಂಡತಿ ವೇಣಿ ಈ ಮನೆಗೆ ಬಂದು ಇಪ್ಪತ್ತೇಳು ವರ್ಷ, ಅವಳಿಗೂ ಮಂಟಪದ ಕೆಳಗಿನ ಮೆಟ್ಟಿಲು ಒರೆಸುವಷ್ಟೇ ಅಧಿಕಾರ.

ಕೈಮುಗಿದು ದಿನಾ ಕೇಳುವುದನ್ನೇ ಕೇಳಿದೆ. ಆ ಕೊಂಬು ಎಲ್ಲಿದ್ದರೂ ಕಾಣಿಸಪ್ಪಾ.

ಸಂಜೆ

ಗುಜರಿ ಬಜಾರಿನಲ್ಲಿ ನಾಲ್ಕು ಗಂಟೆ ಅಲೆದೆ. ಸಿಕ್ಕಿದ್ದು ಒಂದು ಹಿತ್ತಾಳೆ ನಲ್ಲಿ, ಕಾಲಲ್ಲಿ ಎರಡು ಬೊಬ್ಬೆ. ಬಿ.ಪಿ. ಡಾಕ್ಟರು ಹೇಳಿದ್ದಾರೆ — ಸಿಟ್ಟನ್ನು ಒಳಗಿಟ್ಟುಕೊಳ್ಳಬೇಡಿ, ಬರೆದು ಹಾಕಿ ಅಂತ. ಸರಿ, ಬರೆಯುತ್ತೇನೆ.

1984ರ ಆಯುಧಪೂಜೆ. ನನಗೆ ಹದಿನಾಲ್ಕು. ಅಪ್ಪ ನರಸಪ್ಪನ ಕೋವಿ ಒರೆಸುವ ಕೆಲಸ ನನ್ನದು. ತಾತನ ಕಾಲದ ಅಮೆರಿಕನ್ ರೈಫಲ್. ಟ್ರಿಗರಿನ ಕೆಳಗಿನ ಲಿವರ್ ಎಳೆದರೆ ಗುಂಡು ಏರುತ್ತದೆ. ನಳಿಗೆಯ ಮೇಲೆ ಗುರಿ ಹಿಡಿಯಲು ಒಂದು ಕಬ್ಬಿಣದ ಚೂರು — ಒಳಕ್ಕೆ ಬಾಗಿದ ಎರಡು ಕೊಂಬು. ಅದರ ನಡುವೆ ತುದಿಯ ಮಣಿ ಕಾಣಬೇಕು, ಆಗ ಗುರಿ. ಪೂಜೆ ಮುಗಿದ ಮೇಲೆ ನೋಡಿದರೆ ಕೊಂಬೇ ಇಲ್ಲ!

ಅಣ್ಣ ನರಸಿಂಹಯ್ಯ ಕಿವಿ ಹಿಂಡಿದ. ನಾನು ತೆಗೆದಿಲ್ಲ ಅಂದೆ. ನಂಬಲಿಲ್ಲ. ಅಪ್ಪನಿಗೆ ಗೊತ್ತಾದರೆ ಇಬ್ಬರ ಚರ್ಮವನ್ನೂ ಸುಲಿಯುತ್ತಿದ್ದ, ಆದ್ದರಿಂದ ಮನೆಯಲ್ಲಿ ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡ. ಅಮ್ಮನಿಗಂತೂ ಹೇಳಲೇಬಾರದು. ಅಮ್ಮನ ಕಿವಿಗೆ ಬಿದ್ದದ್ದು ರಾತ್ರಿ ಮುದ್ದೆಯ ಜೊತೆ ಅಪ್ಪನ ತಟ್ಟೆಗೆ ಬೀಳುತ್ತಿತ್ತು. ಅಪ್ಪನ ಕಣ್ಣಿಗೆ ಆಗಲೇ ಪೊರೆ. ಗೊತ್ತಾಗದೆಯೇ ತೀರಿಹೋದ.

ಈಗ ಲೈಸೆನ್ಸ್ ಅಣ್ಣನ ಹೆಸರಿಗೆ. ಕೋವಿ ಮಾಕಳಿಯ ಹಳೇ ಮನೆಯಲ್ಲಿ, ಅವನ ಬೀರುವಿನಲ್ಲಿ. ನಲವತ್ತೊಂದು ವರ್ಷದಿಂದ ಅವನು ನನ್ನ ಜೊತೆ ನೇರವಾಗಿ ಮಾತಾಡಿಲ್ಲ. ಹಬ್ಬಕ್ಕೆ ಹೋದರೆ ಅತ್ತಿಗೆಗೆ ಹೇಳುತ್ತಾನೆ, "ಬಂದೋರ್ಗೆ ಕಾಫಿ ಕೊಡೇ." ನಾನು ಬಂದವನು! ಹೋದ ತಿಂಗಳು ಅವನಿಗೆ ಎರಡು ಸ್ಟೆಂಟ್ ಹಾಕಿದರಂತೆ. ಬೇರೆಯವರ ಬಾಯಿಂದ ಗೊತ್ತಾಯಿತು. ಅವತ್ತು ಊಟ ಸೇರಲಿಲ್ಲ. ಅವನು ಒಂದು ಸಲ ಮೊದಲಿನಂತೆ "ಚಿಕ್ಕೋನೆ" ಅನ್ನಬೇಕು. ಅದಕ್ಕೆ ಕೊಂಬು ಬೇಕು. ಈ ಆಯುಧಪೂಜೆಯೊಳಗೆ.

ಆಗಸ್ಟ್ 9, ಶನಿವಾರ

ಫ್ಯಾಕ್ಟರಿಯಲ್ಲಿ ಲಂಚ್ ಬ್ರೇಕ್‌ನಲ್ಲಿ ಡ್ರಾಯಿಂಗ್ ಮಾಡಿದೆ. ಒಂದು ಅಳತೆ ಮಾತ್ರ ಖಚಿತ. ಹೋದ ಹಬ್ಬದಲ್ಲಿ ಕೋವಿಗೆ ಕುಂಕುಮ ಇಡುವ ನೆಪದಲ್ಲಿ ವರ್ನಿಯರ್‌ನಿಂದ ನಳಿಗೆಯ ಮೇಲಿನ ಅಡ್ಡ ತೋಡು ಅಳೆದಿದ್ದೆ — ಕೊಂಬು ಕೂರುವ ಜಾಗ. 9.52 ಮಿ.ಮೀ. ಮೂವತ್ತು ವರ್ಷ ಪೀಣ್ಯದಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ಸುಮ್ಮನೆ ಕಾಲ ಕಳೆದಿಲ್ಲ.

ಟರ್ನರ್ ಕೊಟ್ರಪ್ಪ ಬಗ್ಗಿ ನೋಡಿದ. ಹರಪನಹಳ್ಳಿ ಕಡೆಯವನು.

"ಇದೇನ್ರೀ ಸಾರ್, ದಾಸಯ್ಯನ ಹಣಿ ಮ್ಯಾಲಿನ ನಾಮ ಇದ್ದಂಗ ಐತಲ್ಲ!"

"ರೈಫಲ್ ಪಾರ್ಟ್ ಕಣಯ್ಯ. ದೃಷ್ಟಿ ಸರಿ ಇದೆಯಾ ನಿಂಗೆ?"

"ನಂದು ಸರಿ ಐತ್ರೀ. ನಿಮ್ದ ಚೆಕ್ ಮಾಡಸ್ರೀ."

ಸಿಟ್ಟು ಬಂತು. ಅವನು ಲೇತಿನಲ್ಲಿ ಮಾಡಿದ ಹತ್ತು ಬುಷ್‌ಗಳಲ್ಲಿ ಎರಡನ್ನು ರಿಜೆಕ್ಟ್ ಮಾಡಿದೆ. ನಿಜವಾಗಿಯೂ ಓವರ್‌ಸೈಜ್ ಇದ್ದವು.

ಆಗಸ್ಟ್ 24, ಭಾನುವಾರ

ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಹೋಗಿದ್ದೆ. ಮುದುಕ ಸಾಹೇಬರು ಡ್ರಾಯಿಂಗ್ ನೋಡಿ ತಲೆಯಾಡಿಸಿದರು. ಕೊಂಬಿನಲ್ಲಿ ಎರಡು ಜಾತಿಯಂತೆ — ಪೂರ್ತಿ ಬಾಗಿ ಮೇಲೆ ಮುಚ್ಚಿಕೊಳ್ಳುವಂಥದ್ದು, ಅರ್ಧಕ್ಕೇ ನಿಲ್ಲುವಂಥದ್ದು. "ನಿಮ್ದು ಯಾವ್ದು?" ಗೊತ್ತಿಲ್ಲ ಅಂದೆ. "ಫೋಟೋ ಇದ್ರೆ ತನ್ನಿ. ಪೀಣ್ಯದಲ್ಲಿ ಮಾಡಿಸ್ತೀನಿ ಅಂತ ಮಾತ್ರ ಹೋಗ್ಬೇಡಿ ಸಾರ್. ಕೋವಿ ಪಾರ್ಟ್ ಅಂದ್ರೆ ಕೇಸು."

ಸೋಮವಾರ ಕೊಟ್ರಪ್ಪನ ಕೈಯಲ್ಲಿ ಮಾಡಿಸುವ ಯೋಚನೆ ಇತ್ತು. ಬಿಟ್ಟೆ.

ಸೆಪ್ಟೆಂಬರ್ 7, ಭಾನುವಾರ

ಅಪ್ಪ ಕೋವಿ ಹಿಡಿದು ಕೂತ ಫೋಟೋ ಟ್ರಂಕಿನಲ್ಲಿ ಸಿಕ್ಕಿತು! ಹಳೆಯ ಲೆನ್ಸ್ ಹಿಡಿದು ನೋಡಿದೆ. ಲಿವರ್ ಸ್ಪಷ್ಟ. ಮಣಿ ಸ್ಪಷ್ಟ. ಕೊಂಬಿನ ಮೇಲೆ... ಅಪ್ಪನ ಹೆಬ್ಬೆರಳು.

ಆದರೂ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿನ ಹಳೇ ರೈಫಲ್ ಗುಂಪಿಗೆ ಹಾಕಿದೆ. ಟೆಕ್ಸಾಸಿನ ಒಬ್ಬ ಅಜ್ಜ ಉತ್ತರ ಬರೆದ: ಕೋವಿ ಚೆನ್ನಾಗಿದೆ, ಹೆಬ್ಬೆರಳೂ ಚೆನ್ನಾಗಿದೆ, ದಯವಿಟ್ಟು ಹೆಬ್ಬೆರಳು ತೆಗೆದು ಇನ್ನೊಂದು ಫೋಟೋ ಕಳಿಸಿ. ಅಪ್ಪ ಹೋಗಿ ಮೂವತ್ತು ವರ್ಷವಾಯಿತು ಎಂದು ಬರೆದೆ. ಅಜ್ಜ ಸಂತಾಪ ಸೂಚಿಸಿದ.

"ಏನ್ ಹುಡುಕ್ತಿದ್ದೀಯೋ ಮಗ ಆವತ್ತಿಂದ?" ಅಂದಳು ಅಮ್ಮ.

"ಏನಿಲ್ಲಮ್ಮ. ಫ್ಯಾಕ್ಟ್ರಿದು."

"ತಿಮ್ಮಪ್ಪನ್ನ ಕೇಳ್ಕೋ. ಅವ್ನ್ ಕಣ್ಮುಂದೆ ತಂದು ನಿಲ್ಲಿಸ್ತಾನೆ."

ಸೆಪ್ಟೆಂಬರ್ 21, ಭಾನುವಾರ. ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ 9

ಕೈಯಲ್ಲಿ ಇನ್ನೂ ಅರಿಶಿನ. ಆದರೂ ಬರೆಯುತ್ತೇನೆ.

ಮಂಟಪಕ್ಕೆ ಗೆದ್ದಲು. ನಾಳೆ ನವರಾತ್ರಿ, ಅದಕ್ಕೆ ಹೊಸ ಮಂಟಪ ತಂದೆ. ನಾಮವನ್ನು ತಾನೇ ಎತ್ತಬೇಕೆಂದು ಅಮ್ಮನ ಹಟ. ಎಂಬತ್ತನಾಲ್ಕು ವರ್ಷದ ಕೈ. ಹಲಗೆಯ ಸೀಳಿನಿಂದ ಎಳೆಯುವಾಗ ಜಾರಿತು. ಟಣ್ ಎಂದು ನನ್ನ ಕಾಲ ಬಳಿ ಬಿತ್ತು. ನಲವತ್ತು ವರ್ಷದ ಅರಿಶಿನ-ಗಂಧದ ಪದರ ಚಕ್ಕೆಯಾಗಿ ಹಾರಿತು. ಒಳಗೆ ಕಬ್ಬಿಣ. ಎರಡು ಕೊಂಬು, ಪೂರ್ತಿ ಬಾಗಿದವು. ಕೆಳಗೆ, ಹಲಗೆಯಲ್ಲಿ ಹೂತಿದ್ದ ಕಡೆ, ಉದ್ದನೆಯ ಪಟ್ಟಿ. ಪಟ್ಟಿಯ ಅಡಿಯಲ್ಲಿ ನಳಿಗೆಯ ತೋಡಿಗೆ ಕೂರುವ ಹಲ್ಲು.

ಜೇಬಿನಿಂದ ವರ್ನಿಯರ್ ತೆಗೆದೆ. ವೇಣಿ "ರೀ, ದೇವ್ರನ್ನ ಅಳೀತಿದ್ದೀರಾ!" ಎಂದು ಕಿರುಚಿದಳು. 9.54.

ಇನ್ನೊಮ್ಮೆ ಅಳೆದೆ, ಅದೇ. ದಿನಾ ಇದರ ಮುಂದೆಯೇ ನಿಂತು ಇದನ್ನೇ ಕಾಣಿಸು ಎಂದು ಕೇಳಿದ್ದೇನೆ. ಅದೂ ಕಣ್ಣುಮುಚ್ಚಿ.

"ಇದು ಎಲ್ಲಿ ಸಿಕ್ತಮ್ಮ?"

"ಆಯುಧಪೂಜೆ ಮಾರನೇ ದಿನ, ಮಾಕಳಿ ಮನೇಲಿ ನಿರ್ಮಾಲ್ಯ ತೆಗೀತಿದ್ದೆ. ಚೆಂಡುವ್ವಿನ ಮಧ್ಯೆ ಕೂತಿದ್ದ ಸ್ವಾಮಿ."

"ಯಾರ್ಗೂ ಯಾಕ್ ಹೇಳ್ಲಿಲ್ಲ?"

"ಯಾರ್ ಕೇಳುದ್ರು?"

ನಾನು ಒರೆಸುವಾಗ ಸಡಿಲಾಗಿ ಪೂಜೆಯ ಹೂವಿನೊಳಗೆ ಬಿದ್ದಿರಬೇಕು. ಎಲ್ಲ ಹೇಳಿದೆ. ಕೋವಿ, ಆಣೆ, ಅಣ್ಣ. ಅಮ್ಮ ನಾಮವನ್ನು ಸೆರಗಿನಲ್ಲಿ ಒರೆಸಿದಳು. ಆಮೇಲೆ ನನಗೂ, ಅಲ್ಲಿ ಇಲ್ಲದ ಅಣ್ಣನಿಗೂ ಸೇರಿಸಿ ಬೈದಳು. ಹೆತ್ತವಳನ್ನು ಒಂದು ಮಾತು ಕೇಳದೆ ನಲವತ್ತು ವರ್ಷ ಮುಖ ತಿರುಗಿಸಿಕೊಂಡಿರುವ ಗಂಡಸರ ಬಾಯಿಗೆ ಮಣ್ಣು ಹಾಕ ಅಂದಳು. ಸರಿಯಾಗಿಯೇ ಅಂದಳು.

ಸೆಪ್ಟೆಂಬರ್ 28, ಭಾನುವಾರ

ಒಂದು ವಾರದ ಮಾತುಕತೆ. ಅಮ್ಮ ಒಪ್ಪುತ್ತಿಲ್ಲ. "ದೇವ್ರನ್ನ ಕೋವಿಗೆ ಕೊಡ್ತಾರೇನೋ?" ಅಣ್ಣನ ಸ್ಟೆಂಟಿನ ವಿಷಯ ಹೇಳಿದೆ. ಅಮ್ಮನಿಗೆ ಅದನ್ನೂ ಯಾರೂ ಹೇಳಿರಲಿಲ್ಲ. ಅತ್ತಳು. ಆಮೇಲೆ, "ಸರಿ, ಅಲ್ಲೇ ಪೂಜೆ ಆಗ್ಲಿ. ನಾನೇ ಎತ್ಕಂಡ್ ಬತ್ತೀನಿ" ಅಂದಳು.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಅಮ್ಮ, ವೇಣಿ, ನಾನು. ಮಾದಾವರದವರೆಗೆ ಮೆಟ್ರೋ. ಸೆಕ್ಯುರಿಟಿಯವನು ಅಮ್ಮನ ಮಡಿಲ ಗಂಟನ್ನು ಮೆಷಿನ್‌ಗೆ ಹಾಕಿ ಅಂದ. "ಅದು ದೇವ್ರು ಕಣಪ್ಪಾ. ಬೂಟ್ ಬಿಟ್ಟು ಮುಟ್ಟು." ಅವನು ಬೂಟು ನೋಡಿಕೊಂಡ, ಹಿಂದಿನ ಸಾಲು ನೋಡಿದ, ಕೈಮುಗಿದು ಬಿಟ್ಟುಬಿಟ್ಟ. ನನ್ನ ಬ್ಯಾಗಿನ ಮರದ ಸುತ್ತಿಗೆಗೆ ಮಾತ್ರ ಹತ್ತು ನಿಮಿಷ ವಿಚಾರಣೆ.

ಮಾಕಳಿ. ಅಣ್ಣ ಬಡವಾಗಿದ್ದಾನೆ. ಶರ್ಟು ನೇತಾಡುತ್ತಿದೆ. ಅವನು ಅತ್ತಿಗೆ ಕಡೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಗಂಟು ಬಿಚ್ಚಿದಳು.

"ನೋಡ್ಲಾ ನರಸಿಂಹ. ಅವ್ನ್ ಕಳೀಲಿಲ್ಲ. ನನ್ ತಾವ ಇತ್ತು."

ಅಣ್ಣ ಕೋವಿ ತಂದು ನನ್ನ ಮುಂದಿಟ್ಟ.

ಕೂರಿಸುವ ಕೆಲಸ ನನ್ನದು. ತುಕ್ಕು ಹಿಡಿದು ಎರಡು ಶತಾಂಶ ಮಿ.ಮೀ. ಬಿಗಿ. ಅಮ್ಮ ಗೋವಿಂದ ಗೋವಿಂದ ಅನ್ನುತ್ತಿದ್ದಳು, ನಾನು ಹಗುರಾಗಿ ತಟ್ಟುತ್ತಿದ್ದೆ. ಕೂತಿತು. ಸುತ್ತಿಗೆ ಹಿಡಿದ ಕೈಯಿಂದ ಕಣ್ಣೊರೆಸಿಕೊಂಡೆ. ಅಣ್ಣ ಖಾಲಿ ಕೋವಿ ಎತ್ತಿ ಗೋಡೆ ಕಡೆ ಗುರಿ ಹಿಡಿದ. ಕೊಂಬಿನ ನಡುವೆ ಮಣಿ. ಬಹಳ ಹೊತ್ತು ಇಳಿಸಲಿಲ್ಲ. ಆಮೇಲೆ ನನ್ನ ಮುಖ ನೋಡದೆ, ಆದರೆ ನನಗೇ —

"ಚಿಕ್ಕೋನೆ, ಕಾಫಿ ಕುಡುದ್ಯೇನ್ಲಾ?"

ಇಲ್ಲ ಎಂದು ತಲೆಯಾಡಿಸಿದೆ. ಅವನೇ ತಂದುಕೊಟ್ಟ. ಸಕ್ಕರೆ ಜಾಸ್ತಿ. ಪೂರ್ತಿ ಕುಡಿದೆ.

ಸಂಜೆ 6

ಹೊರಡುವಾಗ, ಅಮ್ಮನ ಮಂಟಪಕ್ಕೆ ವಾಪಸು ಒಯ್ಯಲೆಂದು, ದೇವರನ್ನು ಬಿಚ್ಚಲು ಸುತ್ತಿಗೆ ಎತ್ತಿದೆ. ಅಮ್ಮ ಕೈ ಹಿಡಿದಳು. "ಮಂಗಳಾರತಿ ಆಗೈತೆ. ಪ್ರತಿಷ್ಠೆ ಮಾಡುದ್ ಮೇಲೆ ಕೀಳಂಗಿಲ್ಲ." ಹಾಗಾದರೆ ನಿನ್ನ ಪೂಜೆ ಅಂದೆ. "ಅವ್ನಿದ್ದ ಕಡೆ ನಾನು." ಅತ್ತಿಗೆ ಅಮ್ಮನಿಗೆ ಚಾಪೆ ಹಾಸಿದಳು. ವೇಣಿ, ನಾನು ಇಬ್ಬರೇ ಮನೆಗೆ.

ಅಕ್ಟೋಬರ್ 5, ಭಾನುವಾರ. ಬೆಳಿಗ್ಗೆ 6.10

ಹಾಲು. ಸ್ನಾನ. ಹೊಸ ಮಂಟಪ ಖಾಲಿ. ಆದರೂ ನಿಂತು ಕೈಮುಗಿದೆ. ಕೇಳಲು ಏನೂ ಇರಲಿಲ್ಲ. ಅಮ್ಮ ಇಲ್ಲದೆ ಬೇಜಾರು.

6.40

ಅಣ್ಣನ ಫೋನು! ಅವನ ನಂಬರು ನನ್ನಲ್ಲಿ ಸೇವ್ ಕೂಡ ಆಗಿಲ್ಲ.

"ಚಿಕ್ಕೋನೆ, ಎದ್ದ್ ಬಾರ್ಲಾ ಬೇಗ. ಬೀರು ಬಾಗಿಲು ಮುಚ್ಚೋಕೆ ಬಿಡ್ತಿಲ್ಲ ಅಮ್ಮ, ದೇವ್ರಿಗೆ ಗಾಳಿ ಬೇಕಂತೆ. ಎಲೆಕ್ಷನ್ ಬಂದ್ರೆ ಕೋವಿ ಠಾಣೆಗೆ ಒಪ್ಪಿಸ್ಬೇಕು ಕಣಮ್ಮ ಅಂದೆ. ನಾನೂ ಬತ್ತೀನಿ, ಅಲ್ಲೇ ಮಂಗಳಾರತಿ ಮಾಡ್ತೀನಿ ಅಂತಾವ್ಳೆ! ನನ್ ಮಾತ್ ಕೇಳಾಕಿಲ್ಲ. ನೀನೇ ಬಂದ್ ಹೇಳು."

ನಕ್ಕೆ. ಅವನೂ ನಕ್ಕ. ಅಣ್ಣ ನಕ್ಕರೆ ಅಪ್ಪನ ಹಾಗೆ ಕೆಮ್ಮುತ್ತಾನೆ ಎಂಬುದೇ ಮರೆತಿತ್ತು.

ಚಪ್ಪಲಿ ಮೆಟ್ಟಿದೆ. ಸುತ್ತಿಗೆ ಬ್ಯಾಗಿನಲ್ಲಿದೆ. ವೇಣಿ ಅದನ್ನು ತೆಗೆದಿಟ್ಟಳು, ನಾನು ಮತ್ತೆ ಹಾಕಿದೆ, ಅವಳು ಮತ್ತೆ ತೆಗೆದಿಟ್ಟಳು. ಮತ್ತೆ ಫೋನು. ಅವನೇ. ಬರುತ್ತಾ ಅಮ್ಮನಿಗೆ ಚೆಂಡು ಹೂವು ತರಬೇಕಂತೆ, ಮತ್ತೆ ನಾನು ಬರುವವರೆಗೆ ಯಾರೂ ಕಾಫಿ ಕುಡಿಯುವುದಿಲ್ಲವಂತೆ.