ಮಿಷಿನ್ನಿನಲ್ಲಿ ಸಿಕ್ಕಿಕೊಂಡ ಕೌದಿ

ಸಿಂಧನೂರು,
14-11-2024, ಗುರುವಾರ

ಮಮತಾಳ ಅವ್ವನಿಗೆ, ಯಮನೂರಪ್ಪ ಮಾಡುವ ನಮಸ್ಕಾರ.

ಗಂಡನಾದವನು ಆಶೀರ್ವಾದ ಬರೆಯುವುದು ಬಿಟ್ಟು ನಮಸ್ಕಾರ ಬರೆದಿದ್ದಾನೆ ಎಂದು ನಗಬೇಡ, ಅದಕ್ಕೆ ಕಾರಣವಿದೆ. ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಮಮತಾಳ ಮನೆಯ ಆ ಕಡಿದಾದ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀ? ಅವಳ ಹೆರಿಗೆಯ ಹೊಲಿಗೆ ಒಣಗಿತೇ? ಬಸ್ಸಿನಲ್ಲಿ ಕುಲುಕಬಾರದು ಎಂದು ಡಾಕ್ಟರು ಹೇಳದಿದ್ದರೆ ತಾಯಿ ಮಗು ಇಬ್ಬರೂ ಇಷ್ಟೊತ್ತಿಗೆ ಇಲ್ಲೇ ಇರುತ್ತಿದ್ದರು, ನೀನು ಲಿಂಗಸುಗೂರಿಗೆ ಹೋಗಿ ಬಾಣಂತನ ಮಾಡುವ ಪಾಡೂ ಬರುತ್ತಿರಲಿಲ್ಲ. ಮೊಮ್ಮಗಳು ನನ್ನ ಹಾಗೆ ಹುಬ್ಬು ಗಂಟಿಕ್ಕುತ್ತಾಳೆ ಎಂದು ಕೇಳಿ ಎರಡು ದಿನ ಕನ್ನಡಿಯಲ್ಲಿ ನನ್ನ ಹುಬ್ಬು ನೋಡಿಕೊಂಡೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಹೋದ ವಾರ ನೀನೇ, “ಸುಮ್‌ಸುಮ್ನ ಫೋನ್ ಹಚ್ಚಬ್ಯಾಡ್ರಿ, ಕೂಸು ಎದ್ದು ಕುಂದರ್ತದ. ಹೇಳೋದಿದ್ರ ಬರದು ಕಳಸ್ರಿ” ಎಂದು ಬೈದೆ. ಹಾಗಾಗಿ ಬರೆದು ನಾಳೆ ಮುಂಜಾನೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತೇನೆ. ಮೂವತ್ತೊಂದು ವರ್ಷ ಕಂಡಕ್ಟರಿಕೆ ಮಾಡುತ್ತ ಊರವರ ಚೀಟಿ, ಔಷಧ, ಬುತ್ತಿ ಎಲ್ಲವನ್ನೂ ಮಸ್ಕಿ ದಾಟಿಸಿ ಮುಟ್ಟಿಸಿದವನು ನಾನು. ನನ್ನದೊಂದು ಚೀಟಿಗೆ ಯಾರೂ ಒಲ್ಲೆ ಅನ್ನುವುದಿಲ್ಲ.

ಈಗ ನಿನ್ನ ಮಗಳು ಕೊಡಿಸಿದ ಮಿಷಿನ್ನಿನ ವಿಷಯ. ನಾನು ಸೋತಿದ್ದೇನೆ. ಬಟ್ಟೆ ಒಗೆಯುವುದೂ ಅದೇ, ಒಣಗಿಸುವುದೂ ಅದೇ ಎಂದು ಅವಳು ಹೇಳಿದಾಗಲೇ ನಾನು ಅಂದಿದ್ದೆ, ಸಿಂಧನೂರಿನ ಬಿಸಿಲಿದ್ದೂ ಬಟ್ಟೆ ಒಣಗಿಸಲು ಯಂತ್ರ ಬೇಕೇ ಎಂದು. ರೈಸ್‌ಮಿಲ್ಲಿನ ಬೂದಿ ಬಿದ್ದು ಮಾಳಿಗೆಯ ಮೇಲಿನ ಬಟ್ಟೆ ಕಪ್ಪಾಗುತ್ತವೆ, ಅವ್ವ ಎರಡೆರಡು ಸಲ ಒಗೆಯುತ್ತಾಳೆ, ಅವಳ ಬೆರಳ ಸಂದಿ ಸೋಪಿಗೆ ಒಡೆದು ರಕ್ತ ಬರುತ್ತದೆ ಎಂದು ಅವಳು ವಾದಿಸಿದಳು. ನಿನ್ನ ಬೆರಳು ಒಡೆದದ್ದು ನನಗೆ ಕಾಣಲಿಲ್ಲ, ಐವತ್ತು ಕಿಲೋಮೀಟರು ಆಚೆ ಇರುವ ಮಗಳಿಗೆ ಕಂಡಿತು. ಮಿಷಿನ್ ಇಡಲು ನಾನೇ ಜಾಗ ಖಾಲಿ ಮಾಡಿಕೊಟ್ಟೆ.

ಭಾನುವಾರ ಕೂಸನ್ನು ತೊಟ್ಟಿಲಿಗೆ ಹಾಕುವಾಗ ನನ್ನ ಅವ್ವ ಹಳೇ ಸೀರೆ ಕೂಡಿಸಿ ಹೊಲಿದ ಕೌದಿಯೇ ಹಾಸಬೇಕು, ತನ್ನನ್ನೂ ಅದರಲ್ಲೇ ಮಲಗಿಸಿದ್ದರು ಎಂದು ಮಮತಾ ಹಟ ಹಿಡಿದಿದ್ದಾಳಲ್ಲ, ಅದಕ್ಕಾಗಿ ಸೋಮವಾರವೇ ಟ್ರಂಕಿನ ತಳದಿಂದ ಅದನ್ನು ತೆಗೆದೆ. ಅವ್ವನ ಮೂಗುಬೊಟ್ಟು ಕಳೆದು ಮನೆಯಲ್ಲಿ ಆ ಜಗಳ ಆದ ಮೇಲೆ ನೀನು ಅದನ್ನು ಮಡಚಿ ಇಟ್ಟವಳು ಮತ್ತೆ ಮುಟ್ಟಲಿಲ್ಲ. ಆಗ ಕೌದಿ ಹೊಲಿದು ಹದಿನೈದು ದಿನವೂ ಆಗಿರಲಿಲ್ಲ, ಮಮತಾ ಮೂರು ತಿಂಗಳ ಕೂಸು. ಈಗ ಅವಳಿಗೇ ಕೂಸು. ಕೌದಿ ಮುಗ್ಗು ವಾಸನೆ ಹೊಡೆಯುತ್ತಿತ್ತು. ಮನೆಯಲ್ಲಿ ಇಂಥ ಮಿಷಿನ್ ಇರುವಾಗ ಕೆನಾಲಿಗೆ ಯಾಕೆ ಹೊರಬೇಕು ಎಂದು ತುರುಕಿ, ಪುಡಿ ಹಾಕಿ, ಗುಂಡಿ ಒತ್ತಿದೆ. ಹತ್ತು ನಿಮಿಷಕ್ಕೆ ಟಿಂಯ್ ಟಿಂಯ್ ಎಂದು ಕೂಗಿ ಇ-ಒಂದು ಎಂದು ತೋರಿಸಿತು.

ಅದರ ಪುಸ್ತಕದಲ್ಲಿ ಹದಿನಾಲ್ಕು ಭಾಷೆಗಳಿವೆ, ಕನ್ನಡ ಮಾತ್ರ ಇಲ್ಲ. ಕನ್ನಡಕ ಹಾಕಿಕೊಂಡು ಇಂಗ್ಲಿಷಿನ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಇ-ಒಂದು ಎಂದರೆ ನೀರು ಬರುತ್ತಿಲ್ಲ. ಟ್ಯಾಂಕು ತುಂಬಿದೆ, ನಳ ತಿರುಗಿಸಿದ್ದೇನೆ, ಆದರೂ ಇಲ್ಲ ಅನ್ನುತ್ತದೆ. ಕೊನೆಗೆ ಪೈಪು ಬಿಚ್ಚಿ ನೋಡಿದರೆ ಒಳಗಿನ ಸಣ್ಣ ಜಾಲರಿಯ ತುಂಬ ಕೆನಾಲ್ ನೀರಿನ ಕೆಸರು. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕಿ ಹಾಕಿದೆ. ನೀರು ಬಂತು, ಮಿಷಿನ್ ತಿರುಗಿತು, ನನಗೆ ಜಂಬವೂ ಬಂತು. ಅಷ್ಟರಲ್ಲಿ ಅದು ಮಿಲ್ಲಿನ ಲಾರಿಯ ಹಾಗೆ ಗಡಗಡ ಅಲುಗಾಡುತ್ತ ಗೋಡೆಯಿಂದ ಒಂದು ಮೊಳ ಮುಂದೆ ಬಂದು ನಿಂತಿತು. ಇ-ಎರಡು. ಭಾರವೆಲ್ಲ ಒಂದೇ ಕಡೆ ಬಿದ್ದಿದೆ ಎಂದು ಅರ್ಥವಂತೆ. ನೀರು ಕುಡಿದ ಕೌದಿ ಮತ್ತೆ ಹೇಗಿರುತ್ತದೆ? ಎರಡೂ ಕೈಯಿಂದ ಮಿಷಿನ್ನನ್ನು ಅವುಚಿಕೊಂಡು ನಿಂತೆ. ಲಾಲ್‌ಬೀ ಕಾಂಪೌಂಡಿನ ಆಚೆಯಿಂದ ನೋಡಿ ನಕ್ಕಿದ್ದೇ ನಕ್ಕಿದ್ದು.

ಅದಾದ ಮೇಲೆ ಬಂದದ್ದು ಇ-ನಾಲ್ಕು. ಒಳಗಿನ ನೀರು ಹೊರಗೆ ಹೋಗುತ್ತಿಲ್ಲ, ಹೋಗುವ ತನಕ ಬಾಗಿಲು ತೆರೆಯುವುದಿಲ್ಲ. ಆರಿಸಿ ಹಾಕಿದೆ, ಪ್ಲಗ್ ಕಿತ್ತು ಚುಚ್ಚಿದೆ, ಕೈ ಮುಗಿದೆ, ಒದ್ದೆ ಕೂಡ. ಇ-ನಾಲ್ಕು ಅಳಿಯಲಿಲ್ಲ. ಕಂಪನಿಯ ನಂಬರಿಗೆ ಫೋನ್ ಮಾಡಿದರೆ ಅದನ್ನು ಒತ್ತಿ, ಇದನ್ನು ಒತ್ತಿ ಎಂದು ಅರ್ಧ ಗಂಟೆ ಹಾಡು ಕೇಳಿಸಿದರು. ಆಮೇಲೆ ಒಬ್ಬಳು ಹಿಂದಿಯಲ್ಲಿ, ನಮ್ಮ ಆಳು ಮುಂದಿನ ಬುಧವಾರ ಬರುತ್ತಾನೆ ಅಂದಳು. ಭಾನುವಾರ ತೊಟ್ಟಿಲು ಇದೆ ತಾಯಿ ಅಂದೆ. ತೊಟ್ಟಿಲು ನಮ್ಮ ಕಂಪನಿಯದಲ್ಲ ಅಂದಳು. ಮೂರು ದಿನ, ಕನಕಾ, ಮೂರು ದಿನ ನಾನು ಆ ಗುಂಡನೆಯ ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು, ಸೋಪಿನ ನೀರಿನಲ್ಲಿ ನೆನೆಯುತ್ತಿದ್ದ ಅವ್ವನ ಕೌದಿಯನ್ನು ನೋಡಿದೆ. ಹೊಲಿಗೆ ಬಿಟ್ಟ ಒಂದು ಮೂಲೆಯಿಂದ ಹೊರಬಂದ ಅವಳ ಹಸಿರು ಇಳಕಲ್ ಸೀರೆಯ ಸೆರಗು ಗಾಜಿಗೆ ಅಂಟಿಕೊಂಡಿತ್ತು. ಎಲೆಯಡಿಕೆ, ಕೀಲಿಕೈ, ಗುಳಿಗೆ ಎಲ್ಲವನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಆಮೇಲೆ ಮನೆಯೆಲ್ಲ ಹುಡುಕುತ್ತಿದ್ದಳಲ್ಲ, ಅದೇ ಸೀರೆ.

ನಿನ್ನೆ ಲಾಲ್‌ಬೀ ಒಳಗೆ ಬಂದು ನೋಡಿ ತಲೆ ಚಚ್ಚಿಕೊಂಡಳು. “ಯಮನೂರಣ್ಣ, ಕೌದಿ ಹೊಟ್ಟಿ ಮೂಲಿ ಬಿಚ್ಚಿ ಹಾಕಿಯೋ, ಹಂಗ ಹಾಕಿಯೋ?” ಅಂದಳು. ನನಗೆ ಆಗ ನೆನಪಾಯಿತು. ಹೊಲಿಯುವವರು ಕೌದಿ ಹಸಿದಿರಬಾರದು ಎಂದು ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಹಿಡಿ ಜೋಳ ಇಟ್ಟು ಹೊಲಿಯುತ್ತಾರೆ. ಕೆನಾಲಿನಲ್ಲಿ ಒಗೆಯುವಾಗ ನೀವೆಲ್ಲ ಆ ಮೂಲೆಯನ್ನು ನೀರಿಗೆ ತಾಗದಂತೆ ಮೇಲೆ ಎತ್ತಿ ಹಿಡಿಯುತ್ತಿದ್ದಿರಿ. ನಾನು ದಂಡೆಯ ಮೇಲೆ ಬೀಡಿ ಸೇದುತ್ತ ಎಷ್ಟು ಸಲ ನೋಡಿದ್ದೇನೆ, ಯಾಕೆ ಎಂದು ಒಂದು ಸಲವೂ ಕೇಳಲಿಲ್ಲ. ಹೊಟ್ಟೆ ತುಂಬಿದ ಕೌದಿಯನ್ನು ಹಾಗೇ ಮಿಷಿನ್ನಿಗೆ ಹಾಕಿದ್ದೆ.

ಇವತ್ತು ಮಸ್ಕಿಯಿಂದ ವೀರೇಶ ಬಂದ. ಪಂಪಿನ ರಿಪೇರಿ ಮಾಡುತ್ತಾನೆ, ಮೊದಲು ನನ್ನ ಬಸ್ಸಿನಲ್ಲೇ ಕಾಲೇಜಿಗೆ ಹೋಗಿಬರುತ್ತಿದ್ದ. ಕೆಳಗಡೆಯ ಸಣ್ಣ ಮುಚ್ಚಳ ತೆಗೆದು, ಬೆರಳುದ್ದದ ಪೈಪು ಎಳೆದು ನೀರನ್ನೆಲ್ಲ ಬೋಗುಣಿಗೆ ಬಿಟ್ಟ. ಆಮೇಲೆ ಜಾಲರಿ ತಿರುಗಿಸಿ ಎಳೆದರೆ ಉಬ್ಬಿದ ಜೋಳ ಅಂಬಲಿಯ ಹಾಗೆ ಸುರಿಯಿತು. “ಕಾಕಾ, ಇದಕ್ಕ ರೊಟ್ಟಿ ಮಾಡಾಕ ಹಚ್ಚೀರೇನು?” ಅಂದ. ಬಾಗಿಲು ಟಕ್ ಎಂದು ತೆರೆದಾಗ ಮೊದಲ ಸಲ ಆ ಮಿಷಿನ್ನಿನ ಮೇಲೆ ಪ್ರೀತಿ ಬಂತು. ಬಹಳ ಹೊತ್ತು ಉಳಿಯಲಿಲ್ಲ. ಕೌದಿಯನ್ನು ತಿರುಗಿ ಜಾಲಿಸಿ ಒಣಗಿಸಲು ಹಚ್ಚಿದರೆ, ಬಟ್ಟೆ ಹೆಚ್ಚಾಯಿತು, ಅರ್ಧ ತೆಗೆಯಿರಿ ಎಂಬ ಕೋಡು. ಒಂದು ಕೌದಿಯಲ್ಲಿ ಅರ್ಧ ಹೇಗೆ ತೆಗೆಯಲಿ? ಒಣಗಿಸಲಿಕ್ಕೂ ಅದಕ್ಕೆ ನಳದ ನೀರು ಬೇಕಂತೆ, ಆ ಮಾತು ಕೇಳಿ ವೀರೇಶನಿಗೂ ಸಿಟ್ಟು ಬಂತು. ಇಬ್ಬರೂ ಸೇರಿ ಕೌದಿ ಹಿಂಡಿ ಮಾಳಿಗೆಗೆ ಒಯ್ದು ಹರವಿದೆವು. ಮಿಲ್ಲಿನ ಬೂದಿ ಬೀಳದಂತೆ ಮೇಲೆ ನನ್ನ ಎರಡು ಪಂಚೆ ಹೊದಿಸಿ, ಪಕ್ಕದಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಇನ್ನೆರಡು ಬಿಸಿಲು ಸಿಕ್ಕರೆ ಸಾಕು. ಮೂಲೆ ಬಿಚ್ಚಿಕೊಂಡಿದೆ, ನೀನೇ ಹೊಲಿಯಬೇಕು. ಹೊಸ ಜೋಳ ಕಟ್ಟಿಕೊಂಡು ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ.

ಮಮತಾಳಿಗೆ ಮಿಷಿನ್ ಚೆನ್ನಾಗಿದೆ ಎಂದೇ ಹೇಳು, ನೊಂದುಕೊಂಡಾಳು. ಅಳಿಯನಿಗೆ ಕೇಳಿದೆ ಎನ್ನು. ಮೊಮ್ಮಗಳ ಹುಬ್ಬಿನ ನಡುವೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು. ಯಾರೂ ಬೈಯುವವರಿಲ್ಲದೆ ಈ ಮನೆ ಸಪ್ಪಗಿದೆ.

ನಿನ್ನ,
ಯಮನೂರಪ್ಪ

ತಾಜಾಕಲಂ: ಇದನ್ನು ನೀನೇ ಓದು, ಮಮತಾಳ ಕೈಗೆ ಕೊಡಬೇಡ. ಜೋಳದ ಜೊತೆ ಆ ಜಾಲರಿಯಲ್ಲಿ ಅವ್ವನ ಮೂಗುಬೊಟ್ಟು ಸಿಕ್ಕಿತು. ಹಸಿರು ಸೀರೆಯ ಸೆರಗಿಗೆ ಗಂಟು ಹಾಕಿ ಮರೆತು, ಅದೇ ಸೆರಗನ್ನು ಕೌದಿಯ ಹೊಟ್ಟೆಗೆ ಸೇರಿಸಿ ಹೊಲಿದಿದ್ದಾಳೆ. ಜೋಳದ ನಡುವೆ ಗಂಟು ಯಾರ ಕೈಗೂ ಹತ್ತಿಲ್ಲ. ಸಡಿಲವಾದ ಗಂಟು ಇನ್ನೂ ಆ ಮೂಲೆಯಲ್ಲಿದೆ, ನಾನೇ ಕಣ್ಣಾರೆ ಕಂಡೆ. ದಾರಿಯಲ್ಲಿ ಚೆಕಿಂಗಿನವರು ಬಸ್ಸು ಹತ್ತಿ ನನ್ನ ಚೀಲ ತಿರುವಿಹಾಕಿದ ದಿನ ನಾನು ಊಟ ಬಿಟ್ಟು ಮಲಗುತ್ತಿದ್ದೆ. ಅಂಥವನು ಈ ಮೂಗುಬೊಟ್ಟು ಕಳೆದಾಗ ನಿನ್ನ ಅಣ್ಣಂದಿರು, ಓಣಿಯವರು ನಿಂತು ನೋಡುತ್ತಿರುವಾಗ ನಿನ್ನ ತವರಿನ ಟ್ರಂಕು ತೆಗೆದು ಒಂದೊಂದೇ ಸೀರೆ ಜಾಡಿಸಿದೆ. ನೀನು “ನಾ ತಗೊಂಡಿಲ್ರಿ” ಎಂದು ಒಂದೇ ಸಲ ಹೇಳಿದೆ, ನಿನ್ನ ಮೂಗುಬೊಟ್ಟು ನೀನೇ ಬಿಚ್ಚಿ ಅವ್ವನ ಮುಂದೆ ಇಟ್ಟೆ. ಅವ್ವ ಸಾಯುವ ತನಕ ಅದನ್ನೇ ಹಾಕಿಕೊಂಡಳು. ನಿನ್ನ ಮೂಗಿನ ತೂತು ಮುಚ್ಚಿಹೋಗಿದೆಯೋ ಇದೆಯೋ, ಇಷ್ಟು ವರ್ಷ ನಾನು ನೋಡಲೇ ಇಲ್ಲ. ತಪ್ಪಾಯಿತು ಕನಕಾ. ಭಾನುವಾರ ನಿನ್ನ ಅಣ್ಣಂದಿರೂ ಓಣಿಯವರೂ ಬರುತ್ತಾರಲ್ಲ, ಇದೇ ಮಾತನ್ನು ಅವರ ಮುಂದೆಯೇ ನಿಂತು ಹೇಳುತ್ತೇನೆ. ಆಗ ನೀನು ಎದ್ದು ಒಳಗೆ ಹೋಗಬೇಡ.