ಮ್ಯಾಕರಾನ್ ಒಣಗುವ ಹೊತ್ತು

ಮಂಗಳವಾರ, ಮಧ್ಯಾಹ್ನ

ಗುಬ್ಬಚ್ಚಿ,

ನಡುಮನೆಯಲ್ಲಿ ಕೂತು, ನಿನ್ನ ಕೋಣೆಯ ಮುಚ್ಚಿದ ಬಾಗಿಲನ್ನು ನೋಡಿಕೊಂಡೇ ಬರೆಯುತ್ತಿದ್ದೇನೆ. ಒಂದೇ ಮನೆಯಲ್ಲಿದ್ದುಕೊಂಡು ಪತ್ರವೇ ಎಂದು ನಗಬೇಡ. ನನ್ನ ದನಿ ಕೇಳಿದರೆ ತಲೆ ಸಿಡಿಯುತ್ತದೆ ಎಂದವಳು ನೀನೇ. ಏಳನೇ ತರಗತಿಗೆ ಶಾಲೆ ಬಿಟ್ಟ ಕೈ ಇದು, ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊ.

ಮೊದಲು ತಿಂಡಿಯ ವಿಷಯ ಹೇಳಿಬಿಡುತ್ತೇನೆ. ನಿನ್ನ ಬಾಗಿಲ ಬಳಿ ಇಡುವ ಆ ಗುಲಾಬಿ ಬಣ್ಣದ ಬಿಲ್ಲೆಗಳನ್ನು ನಾನೇ ಮಾಡಿದ್ದು ಎಂದಿದ್ದೆ. ಅದು ಅರ್ಧ ಸುಳ್ಳು. ಬಸುರಿನಲ್ಲಿ ಸಕ್ಕರೆ ಏರಿ ಡಾಕ್ಟರು ಸಿಹಿ ನಿಲ್ಲಿಸಿದಾಗ, ಬೇಕರಿಯ ಗಾಜಿನ ಮುಂದೆ ನಿಂತು, ಹೆರಿಗೆಯಾಗಲಿ, ಒಂದು ಡಬ್ಬಿ ಮ್ಯಾಕರಾನ್ ಪೂರ್ತಿ ತಿನ್ನುತ್ತೇನೆ ಎಂದಿದ್ದೆಯಲ್ಲ, ಅದನ್ನು ನೆನಪಿಟ್ಟುಕೊಂಡವರು ಅಳಿಯಂದಿರು.

ಅವರು ವೆಲ್ಡಿಂಗ್ ಕೆಲಸ ಮುಗಿಸಿ ದಿನಾ ಸಂಜೆ ಬರುತ್ತಾರೆ. ನೀನು ಬಾಗಿಲು ತೆಗೆಯುವುದಿಲ್ಲ. ಹಾಗೆಂದು ಅಳಿಯನನ್ನು ಮೆಟ್ಟಿಲ ಮೇಲೆ ಕೂರಿಸಲಾಗುತ್ತದೆಯೇ? ಅತ್ತ ದರಿ ಇತ್ತ ಪುಲಿ ನನ್ನ ಪಾಡು. ಅಡಿಗೆಮನೆಯಲ್ಲಿ ಸ್ಟೂಲು ಹಾಕಿಕೊಟ್ಟೆ. ಅಲ್ಲಿ ಕೂತು ಫೋನಿನಲ್ಲಿ ಮ್ಯಾಕರಾನ್ ಮಾಡುವುದನ್ನು ನೋಡುತ್ತ ನೋಡುತ್ತ, ಒಂದು ದಿನ ಬಾದಾಮಿ ಹಿಟ್ಟನ್ನೇ ತಂದುಬಿಟ್ಟರು.

ಮೊಟ್ಟೆಯ ಬಿಳಿಯನ್ನು ಸಕ್ಕರೆ ಹಾಕಿ ಕಡೆಯಬೇಕು, ಬಟ್ಟಲು ಬೋರಲು ಹಾಕಿದರೂ ಬೀಳಬಾರದು. ಬಿದ್ದರೆ ಏನು ಗತಿ ಎಂದು ನಾನು ಹೆದರಿದ್ದಕ್ಕೆ, ಅವರು ತಮ್ಮ ತಲೆಯ ಮೇಲೆಯೇ ಬೋರಲು ಹಾಕಿ ತೋರಿಸಿದರು. ಬಿತ್ತು. ತಲೆಯೆಲ್ಲ ನೊರೆ. ನಕ್ಕುಬಿಟ್ಟೆ ಕಣೆ. ನಕ್ಕ ಮೇಲೆ ನಿನಗೆ ಕೇಳಿಸಿತೇನೋ ಎಂದು ಬಾಯಿ ಮುಚ್ಚಿಕೊಂಡೆ. ಅವರೂ ನಿನ್ನ ಬಾಗಿಲ ಕಡೆಗೇ ನೋಡಿದರು.

ಆಮೇಲೆ ಓವನ್ ಒಳಗೆ ಏನಾಗುತ್ತಿದೆಯೋ ಎಂದು ನಾನು ಗಳಿಗೆಗೊಮ್ಮೆ ಅದರ ಬಾಗಿಲು ತೆಗೆದದ್ದಕ್ಕೆ ಎಲ್ಲ ಚಪ್ಪಟೆಯಾದವು. ನಿಮ್ಮಪ್ಪ ಬಂದು, ಅತ್ತೆ ಅಳಿಯ ಸೇರಿ ಅಂಗಿ ಗುಂಡಿ ಸುಡುತ್ತಿದ್ದೀರಾ ಎಂದರು. ಅಂದರೂ ಒಂದನ್ನೂ ಬಿಡದೆ ತಿಂದರು.

ಹಿಟ್ಟನ್ನು ತಟ್ಟೆಯ ಮೇಲೆ ಬಿಲ್ಲೆಬಿಲ್ಲೆಯಾಗಿ ಹಿಂಡಿದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಒಣಗಲು ಬಿಡಬೇಕು. ಮೇಲೆ ತೆಳ್ಳಗೆ ಚರ್ಮ ಕಟ್ಟಿ, ಮುಟ್ಟಿದರೆ ಬೆರಳಿಗೆ ಅಂಟದಂತಾಗಬೇಕು. ಅವರ ಬೆರಳ ತುದಿಗಳು ಕಿಡಿ ತಾಗಿ ತಾಗಿ ದಡ್ಡುಗಟ್ಟಿವೆ, ಏನೂ ತಿಳಿಯುವುದಿಲ್ಲ. ಅದಕ್ಕೆ ಕಿರುಬೆರಳ ಹಿಂಬದಿಯಿಂದ ಮುಟ್ಟುತ್ತಾರೆ. ನಿನ್ನೆ ಹಾಗೆ ಮುಟ್ಟಿದವರು ಕೈ ತೆಗೆಯಲೇ ಇಲ್ಲ.

"ಹೀಗೇ ಮುಟ್ಟಿದ್ದೆ ಅತ್ತೆ, ಮಗು ಕೆನ್ನೇನ," ಎಂದರು. "ನನ್ನ ಕೈ ಒರಟು ಅಂತ ಹೆದ್ರಿಕೆ ಆಯ್ತು."

ನಿನಗೆ ಜ್ಞಾನ ಬರುವ ಮೊದಲೇ ಮಗುವನ್ನು ಮಣ್ಣು ಮಾಡಿ ಬಂದರು, ಮುಖವನ್ನೂ ತೋರಿಸಲಿಲ್ಲ ಎನ್ನುವುದು ನಿನ್ನ ಸಿಟ್ಟು. ಅದು ನ್ಯಾಯವೇ. ನೀನು ಯಾವಾಗ ಕಣ್ಣು ಬಿಡುತ್ತೀಯೋ, ಬಿಡುತ್ತೀಯೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ಆದರೂ ಕಾಯಬೇಕಿತ್ತು ಎಂದು ಅವರೇ ಹೇಳುತ್ತಾರೆ. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದು ಅವರ ಕೈಗೆ. ಹೊರಗೆ ಬೆಂಚಿನ ಮೇಲಿದ್ದ ನಾನು ಎದ್ದು ಹೋಗಿ ನೋಡಲಿಲ್ಲ.

"ಸರಿಯಾಗಿ ನೋಡಿದೋನು ನಾನೊಬ್ನೇ. ದಿನ ಹೋದ ಹಾಗೆ ಮುಖ ಮಸುಕಾಗ್ತಿದೆ. ನಾನೂ ಮರೆತುಬಿಟ್ರೆ ಅವಳಿಗೆ ಯಾರು ಹೇಳ್ತಾರೆ, ಅತ್ತೆ?"

ಒಣಗಲು ಇಟ್ಟದ್ದು ನಮ್ಮಿಬ್ಬರಿಗೂ ಮರೆತುಹೋಯಿತು.

ಇವತ್ತು ಅವರಿಗೆ ರಜೆ. ಆಗಲೇ ಬಂದಿದ್ದಾರೆ. ತಟ್ಟೆ ಒಣಗುತ್ತಿದೆ, ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದಾರೆ. ಈ ಕಾಗದವನ್ನು ಬಾಗಿಲ ಸಂದಿಯಿಂದ ತಳ್ಳಿ ನಾನು ನಿಮ್ಮಪ್ಪನ ಅಂಗಡಿಗೆ ಹೋಗುತ್ತೇನೆ. ಮನೆಯಲ್ಲಿ ನೀವಿಬ್ಬರೇ. ಕ್ಷಮಿಸು ಎಂದು ನಾನು ಹೇಳುವುದಿಲ್ಲ, ಹೇಳಲು ನಾನ್ಯಾರು? ಬೈಯಬೇಕೆನಿಸಿದರೆ ಬೈದುಬಿಡು. ಆದರೆ ಅವರಿಗೆ ಇನ್ನೂ ನೆನಪಿರುವಾಗಲೇ ಒಂದು ಸಲ ಕೇಳಿಕೊ. ಆಮೇಲೆ ಬೇಕಾದರೆ ಬಾಗಿಲು ಹಾಕಿಕೊ, ನಾನು ತಟ್ಟುವುದಿಲ್ಲ.

ಹೊರಗೆ ಬರುವಾಗ ಕಾಲಿಗೆ ಚಪ್ಪಲಿ ಹಾಕಿಕೊ. ನೆಲ ತಣ್ಣಗಿದೆ.

ನಿನ್ನ,
ಗಾಬರಿ ಅಮ್ಮ

ಇನ್ನೊಂದು ಮಾತು: ಮಗುವಿನ ಗಲ್ಲದಲ್ಲಿ ಗುಳಿ ಇತ್ತಂತೆ, ನಿನಗಿರುವ ಹಾಗೆಯೇ. ಅಷ್ಟು ಹೇಳುತ್ತಿದ್ದಂತೆ, ಸಾಕು, ನನಗೆ ಹೇಳಬೇಡಿ ಎಂದು ನಿಲ್ಲಿಸಿದೆ. ಕೂದಲು ಎಷ್ಟಿತ್ತು, ಹುಬ್ಬು ಹೇಗಿತ್ತು ಎಂದು ಕೇಳಲು ನಾಲಿಗೆ ತುದಿಗೆ ಬಂದಿತ್ತು ಕಣೆ. ಕೇಳಲಿಲ್ಲ. ಅಜ್ಜಿಗಿಂತ ಮೊದಲು ಅಮ್ಮನಿಗೆ ಗೊತ್ತಾಗಬೇಕು.